ಹನ್ನೊಂದು ನಿಮಿಷದ ಊಟ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಕಥೆಯಲ್ಲ, ಮನೋಯೊಳದು. ಒಬ್ಬರ ಮನೆಯ ಊಟದ ಸುದ್ದಿಯನ್ನು ಇನ್ನೊಬ್ಬರು ಆಡಬಾರದು ಎಂಬುದು ನಮ್ಮ ದ್ವೀಪದ ಮರ್ಯಾದೆ. ಅದನ್ನು ಮೀರುತ್ತಿದ್ದೇನೆ. ನನಗಿಂತ ಚೆನ್ನಾಗಿ ಹೇಳಬಲ್ಲವರು ಊರಲ್ಲಿ ಹತ್ತು ಜನ ಇದ್ದಾರೆ. ಅವರು ಯಾರೂ ಬರೆಯಲಿಲ್ಲ, ಅದಕ್ಕೇ ನಾನು ಕೂತೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ಕೈಯ ತಪ್ಪು, ಅವಳದಲ್ಲ.

"ಏಯ್! ಆ ಮೇಕೆಬಾಲ ತೆಗಿ ಅಲ್ಲಿಂದ!"

ಮನೋಯೊ ಕೂಗಿದ ರಭಸಕ್ಕೆ ಆ ಹುಡುಗ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕೈಯಲ್ಲಿ ಉದ್ದನೆಯ ಕೋಲು. ಕೋಲಿನ ತುದಿಯಲ್ಲಿ ಬೂದು ಕೂದಲಿನ ಏನೋ ಒಂದು ಮುದ್ದೆ, ಒಣಹಾಕಿದ ಹಾರುಮೀನುಗಳ ಸಾಲನ್ನು ಸವರುತ್ತ ತೂಗಾಡುತ್ತಿತ್ತು. ಕೆಳಗೆ ಅವಳ ಅಮ್ಮ ಮೀನು ಸೀಳುತ್ತ ಕೂತಿದ್ದಳು.

"ಮೇಕೆಬಾಲ ಅಲ್ಲ ಇದು… ಮೈಕು. ಗಾಳಿ ಸದ್ದು ಬೀಳಬಾರದು ಅಂತ ಕೂದಲಿನ ಚೀಲ ಹಾಕಿದೀವಿ."

"ಕೂದಲು ಅಂತ ನೀನೇ ಒಪ್ಕೊಂಡ್ಯಲ್ಲ! ಹಾರುಮೀನಿಗೆ ಮೇಕೆ ಸೋಕಿಸಿದ್ರು ಅಂತ ನಾಳೆಯಿಂದ ಮೀನು ಮುನಿಸ್ಕೊಂಡ್ರೆ ನಿಮ್ಮಪ್ಪ ಹಿಡ್ಕೊಡ್ತಾನಾ?"

ಅವನು ಕೆಂಪಾದ. ತಪ್ಪು ಮುಚ್ಚಿಕೊಳ್ಳಲು ಇನ್ನೊಂದು ತಪ್ಪು ಮಾಡಿದ.

"ಸಾರಿ… ನಿಮ್ಮ ತಂದೆ ಇವತ್ತು ಸಂಜೆ ಸಮುದ್ರಕ್ಕೆ ಹೋಗ್ತಾರಾ? ಯಾವಾಗ ವಾಪಸ್ ಬರ್ತಾರೆ?"

ಅಮ್ಮನ ಕತ್ತಿ ನಿಂತೇಹೋಯಿತು. ಅವಳಿಗೆ ತೈಪೆಯಿರುವ ದೊಡ್ಡ ದ್ವೀಪದ ಚೀನೀ ಮಾತು ಅಷ್ಟಾಗಿ ಬರದು. ಆದರೆ 'ಸಮುದ್ರ' ಎಂಬ ಒಂದು ಪದ ಸಾಕಾಯಿತು.

ಮನೋಯೊ ಅವನ ಹತ್ತಿರ ಬಂದು, ದನಿ ತಗ್ಗಿಸಿ ಹಲ್ಲು ಕಚ್ಚಿ ಹೇಳಿದಳು.

"ಇಲ್ಲಿ ಅದನ್ನ ಕೇಳಬಾರದು. ಹೊರಟೋರನ್ನ ಹೋಗ್ತೀಯಾ, ಬರ್ತೀಯಾ, ಯಾವಾಗ ಅಂತ ಬಾಯಿಬಿಟ್ಟು ಕೇಳಿದ್ರೆ ಅನಿತೊಗಳಿಗೆ ಕೇಳಿಸುತ್ತೆ. ದಾರಿಯಲ್ಲೇ ಕಾದು ಕೂತಿರ್ತವೆ."

"ಅನಿತೊ ಅಂದ್ರೆ?"

"ಸತ್ತೋರು. ನಿನ್ನ ಮೇಕೆಬಾಲಕ್ಕಿಂತ ಕಿವಿ ಚುರುಕು ಅವಕ್ಕೆ."

ಅವನು ತನ್ನ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದು ಅವಳ ಕಡೆ ಚಾಚಿದ.

ಬೇಡ ಎನ್ನಬೇಕೆಂದಿದ್ದಳು. ಕೈ ಕೇಳಲಿಲ್ಲ.

ಅಬ್ಬಾ…! ಅಮ್ಮನ ಕತ್ತಿ ಮೀನಿನ ಬೆನ್ನಲ್ಲಿ ಜಾರುವ ಸದ್ದು. ಉಪ್ಪಿನ ಹರಳು ಉದುರುವ ಸದ್ದು. ದೂರದಲ್ಲಿ ದಡದ ಉರುಟು ಕಲ್ಲುಗಳನ್ನು ಅಲೆ ಎಳೆದುಕೊಂಡು ಹೋಗುವ ಸದ್ದು. ಇಪ್ಪತ್ತನಾಲ್ಕು ವರ್ಷ ಅವುಗಳ ನಡುವೆಯೇ ಬೆಳೆದಿದ್ದಳು. ಅವತ್ತೇ ಮೊದಲು ಕೇಳಿದಂತಾಯಿತು.

"ನನ್ನ ಕೆಲಸವೇ ಕಿವಿ," ಎಂದ ಅವನು ಮೆಲ್ಲಗೆ. "ನಾನು ಶಿಲಿಯಾಂಗ್."

ಅವಳು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತೈಪೆಯಿಂದ ಸಾಕ್ಷ್ಯಚಿತ್ರ ತೆಗೆಯಲು ಬಂದ ಈ ತಂಡಕ್ಕೆ ಮಾತು ತಿರುಗಿಸಿ ಹೇಳಲು ಊರಿನ ಶಾಲೆಯ ಸಹಾಯಕ ಟೀಚರ್ ಮನೋಯೊ ಬರುತ್ತಾಳೆಂದು ಅವರಿಗೆ ಮೊದಲೇ ಕಾಗದ ಹೋಗಿತ್ತು. ಆ ಟೀಚರ್ ಇಂಥ ಬಾಯಿಬಡುಕಿ ಎಂದು ಮಾತ್ರ ಯಾರೂ ಬರೆದಿರಲಿಲ್ಲ.

ಸಂಜೆಯ ಹೊತ್ತಿಗೆ ಊರಿಡೀ ಅವನಿಗೆ 'ಮೇಕೆಬಾಲ' ಎಂದೇ ಹೆಸರಾಯಿತು.

*

ತಂಡದಲ್ಲಿ ಮೂವರು. ನಿರ್ದೇಶಕ ಫಾನ್ ಮೇಷ್ಟ್ರು, ಕ್ಯಾಮೆರಾದವನು, ಮತ್ತು ಸದ್ದು ಹಿಡಿಯುವ ಶಿಲಿಯಾಂಗ್. ಆಮೇಲೆ ತೈಪೆಯಲ್ಲಿ ಕೂತು ಚಿತ್ರದ ತುಂಡುಗಳನ್ನು ಜೋಡಿಸುವವನೂ ಅವನೇ. ಮೀನಿನ ಕಾಲದಲ್ಲಿ ಬಂದವರು ನವಣೆ ಕೊಯ್ಯುವವರೆಗೂ ಉಳಿದರು. ಹೆಚ್ಚಿನ ಚಿತ್ರೀಕರಣ ಮನೋಯೊಳ ಮನೆಯಲ್ಲೇ.

ಅವಳ ಅಪ್ಪ ಸ್ಯಾಮನ್ ಮನೋಯೊ, ಎಂದರೆ ಮನೋಯೊಳ ಅಪ್ಪ. ಅಮ್ಮ ಸಿನಾನ್ ಮನೋಯೊ, ಮನೋಯೊಳ ಅಮ್ಮ. ಮೊದಲ ಮಗು ಹುಟ್ಟಿದ ದಿನವೇ ನಮ್ಮಲ್ಲಿ ಹೆತ್ತವರ ಹಳೆಯ ಹೆಸರು ಮುಗಿದುಹೋಗುತ್ತದೆ.

ಅಪ್ಪನಿಗೆ ಶಿಲಿಯಾಂಗ್‌ನ ಕೋಲು ಕಂಡರೆ ನಗು.

"ಅಲ್ವೇ ಮಗಳೇ, ಇವನು ಇಡೀ ದಿನ ಗಾಳಿಗೆ ಗಾಳ ಹಾಕ್ಕೊಂಡು ನಿಂತಿರ್ತಾನಲ್ಲ, ಸಂಜೆ ಮನೆಗೆ ಏನು ತಗೊಂಡು ಹೋಗ್ತಾನಂತೆ?"

ಅವಳು ತಿರುಗಿಸಿ ಹೇಳಿದಳು. ಶಿಲಿಯಾಂಗ್ ಗಂಭೀರವಾಗಿ ಉತ್ತರಿಸಿದ. "ನಿಮ್ಮ ನಗು ತಗೊಂಡು ಹೋಗ್ತೀನಿ ಅಂತ ಹೇಳಿ."

ಅಪ್ಪ ಇನ್ನೂ ಜೋರಾಗಿ ನಕ್ಕ. ಮನೋಯೊ ಮುಖ ತಿರುಗಿಸಿಕೊಂಡಳು. ಯಾಕೆಂದರೆ ಅವಳಿಗೂ ನಗು ಬಂದಿತ್ತು.

ಒಂದು ಮಧ್ಯಾಹ್ನ ಚಪ್ಪರದ ಜಗಲಿಯಲ್ಲಿ ಅವಳೇ ಅವನಿಗೆ ತಟ್ಟೆಗಳ ಪಾಠ ಮಾಡಿದಳು. ಎರಡು ಮರದ ತಟ್ಟೆ. ಒಂದು ಅಗಲವಾದದ್ದು. ಇನ್ನೊಂದು ಅಪ್ಪನದು, ಅಂಚಿನಲ್ಲಿ ಬಿರುಕು ಬಿಟ್ಟದ್ದನ್ನು ತಾಮ್ರದ ತಂತಿಯಿಂದ ಹೊಲಿದದ್ದು. ಇಡೀ ಊರಿಗೆ ಆ ತಂತಿ ಗೊತ್ತು.

"ನಮ್ಮಲ್ಲಿ ಮೀನಿನ ಜಾತಿಯೇ ಎರಡು. ಈ ಅಗಲ ತಟ್ಟೆ ಹೆಂಗಸರ ಮೀನಿಗೆ. ಆ ಮೀನು ಎಲ್ಲರೂ ತಿನ್ನಬಹುದು. ಈ ತಂತಿ ತಟ್ಟೆ ಗಂಡಸರ ಮೀನಿಗೆ. ಅದು ಗಂಡಸರು ಮಾತ್ರ."

"ಹೆಂಗಸರು ತಿಂದ್ರೆ?"

"ತಿನ್ನಲ್ಲ."

"ಅಕಸ್ಮಾತ್ ತಿಂದ್ರೆ?"

"ನಿಮ್ಮೂರಲ್ಲಿ ಅಕಸ್ಮಾತ್ ಯಾರಾದ್ರೂ ಸೋಪು ತಿಂತಾರಾ? ತಿನ್ನಲ್ಲ ಅಂದ್ರೆ ತಿನ್ನಲ್ಲ! ಹಾಗೆ ಮಾಡಿದ್ರೆ ಮನೆಗೂ ಕೇಡು, ಗಂಡ ಹೋಗೋ ದೋಣಿಗೂ ಕೇಡು." ಆಮೇಲೆ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಸೇರಿಸಿದಳು. "ಗಂಡನಿಗೆ ಹೆಂಡತಿ ಮೇಲೆ ಪ್ರೀತಿ ಇದ್ಯೋ ಇಲ್ವೋ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಅವನು ಹಿಡಿದು ತಂದ ಮೀನು ನೋಡಿದ್ರೆ ಸಾಕು. ಪ್ರೀತಿ ಇರೋನು ಹುಡುಕಿ ಹುಡುಕಿ ಹೆಂಗಸರ ಮೀನನ್ನೇ ತರ್ತಾನೆ."

ಅವನು ತಲೆಯಾಡಿಸಿದ. ಅವಳನ್ನೇ ನೋಡುತ್ತಿದ್ದ.

*ಕೇಳಿಸ್ಕೊಂಡ,* ಎಂದು ಅವಳು ನಂಬಿದಳು.

ಹೊರಡುವ ದಿನ ಬಂದರಿನಲ್ಲಿ ಅವನು ಚೀಲಗಳನ್ನೆಲ್ಲ ಹಡಗಿಗೆ ಹಾಕಿ ಓಡಿಬಂದ. ಎದೆ ಏರಿಳಿಯುತ್ತಿತ್ತು.

"ಸಿನಿಮಾ ಮುಗಿದ ಕೂಡಲೇ ಮೊದಲು ನಿಮ್ಮೂರಿಗೇ ಕಳಿಸ್ತೀವಿ. ಮತ್ತೆ… ನಾನು ಬರೋವರೆಗೂ ಕಾಯ್ತೀಯಾ ಮನೋಯೊ?"

ಸಮುದ್ರಕ್ಕೆ ಕಾಲಿಡಲು ನಿಂತವನು! ಎಲ್ಲರೆದುರು, ಅಲೆಗಳೆದುರು, ಬರುವ ಮಾತು ಆಡಿಬಿಟ್ಟಿದ್ದ! ಉತ್ತರ ಕೊಟ್ಟರೆ ಅನಿತೊಗಳಿಗೆ ಅವನ ದಾರಿ ತೋರಿಸಿಕೊಟ್ಟ ಹಾಗೆ.

"ಗದ್ದೆಯಲ್ಲಿ ಕೆಸು ಕೀಳೋದಿದೆ," ಎಂದಳು. ತಿರುಗಿ ನಡೆದಳು. ಹಿಂದೆ ನೋಡಲಿಲ್ಲ.

ಹಡಗಿನ ಕಟಕಟೆ ಹಿಡಿದು ನಿಂತ ಶಿಲಿಯಾಂಗ್‌ಗೆ ಕಂಡದ್ದು ಅವಳ ಬೆನ್ನು ಮಾತ್ರ. *ಇಷ್ಟೇನಾ?* ಎಂದುಕೊಂಡ. ತೈಪೆ ಮುಟ್ಟುವ ಹೊತ್ತಿಗೆ, ಇಷ್ಟೇ ಎಂದು ತೀರ್ಮಾನಿಸಿದ್ದ. ಒಂದು ಕಾಗದ ಕೂಡ ಬರೆಯಲಿಲ್ಲ.

*

ಚಳಿಗಾಲದಲ್ಲಿ ಸಿನಿಮಾದ ಟೇಪು ಒಂದೇ ಬಂತು. ಅವನು ಬರಲಿಲ್ಲ.

ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿದರು. ಮುಸ್ಸಂಜೆಗೇ ಊರೆಲ್ಲ ಸೇರಿತು. ತಮ್ಮ ದೋಣಿ ಕಂಡಾಗ ಮುದುಕರು ಹೋ ಎಂದರು. ತಮ್ಮ ಮುಖ ಕಂಡ ಹೆಂಗಸರು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಎಷ್ಟು ಚೆಂದವಿತ್ತು! ಮನೋಯೊಳ ಕಣ್ಣು ತುಂಬಿಬಂದಿತ್ತು.

ಆಮೇಲೆ ಅಮ್ಮನ ಊಟ ಬಂತು.

ಬಟ್ಟೆಯ ಮೇಲಿನ ಚಿತ್ರದಲ್ಲಿ ಅಮ್ಮ ಊಟಕ್ಕೆ ಕೂತಿದ್ದಳು. ಕೈ ಕೆಳಗಿಳಿಯಿತು. ಮರುಕ್ಷಣ ಬಟ್ಟೆಯ ತುಂಬ ಒಂದೇ ಒಂದು ತಟ್ಟೆ. ಅದರಲ್ಲಿ ಗಂಡಸರ ಮೀನು. ಅಂಚಿನಲ್ಲಿ ಬಿಸಿಲಿಗೆ ಫಳಫಳ ಹೊಳೆಯುವ ತಾಮ್ರದ ತಂತಿ! ಮರುಕ್ಷಣ ಅಮ್ಮನ ಮುಖ. ಅವಳು ಅಗಿಯುತ್ತಿದ್ದಳು.

ನಾಲ್ಕು ಸೆಕೆಂಡು. ಅಷ್ಟೇ.

ಯಾರೋ ಮುದುಕಿ ಥೂ ಎಂದು ಉಗಿದಳು. ಅಮ್ಮ ಮೆಲ್ಲಗೆ ಎದ್ದು, ಯಾರ ಮುಖವನ್ನೂ ನೋಡದೆ, ಮನೆಯ ಕಡೆ ನಡೆದಳು.

ಮಾರನೆಯ ದಿನದಿಂದ ಶುರುವಾಯಿತು. ಕೆಸುವಿನ ಗದ್ದೆಯ ದಾರಿಯಲ್ಲಿ, "ಏನಕ್ಕಾ, ಗಂಡಸರ ಮೀನು ಅಷ್ಟು ರುಚಿನಾ?" ಎಂಬ ಕೊಂಕು. ವಾರ ಕಳೆದ ಮೇಲೆ ಹತ್ತು ಜನ ಹುಟ್ಟುಹಾಕುವ ದೊಡ್ಡ ದೋಣಿಯ ಯಜಮಾನ, ಮುದುಕ ಸ್ಯಾಪೆನ್ ಲಾವಿತ್, ಎಂದರೆ ಲಾವಿತ್ ಎಂಬ ಮಗುವಿನ ಅಜ್ಜ, ಮನೆಗೆ ಬಂದ. ನೆಲ ನೋಡುತ್ತ ಮಾತು ತೆಗೆದ.

"ನಿನ್ನ ಭುಜ ದಣಿದಿರಬೇಕು ತಮ್ಮಾ. ಈ ವರ್ಷ ಮನೇಲೇ ಇರು."

"ನನ್ನ ಹೆಂಡತಿ ತಿಂದಿಲ್ಲ ಅಣ್ಣಾ," ಎಂದ ಅಪ್ಪ.

"ಊರೆಲ್ಲ ಕಣ್ಣಾರೆ ನೋಡಿದೆಯಲ್ಲೋ…"

ಮೂವತ್ತು ವರ್ಷ ಆ ದೋಣಿಯಲ್ಲಿ ಕೂತ ಅಪ್ಪನ ಜಾಗ ಹಾಗೆ ಹೋಯಿತು. ಹಾರುಮೀನುಗಳನ್ನು ಕರೆಯುವ ದಿನಕ್ಕೆ ಇನ್ನು ಇಪ್ಪತ್ತೆರಡೇ ದಿನ ಉಳಿದಿತ್ತು. ಆ ದಿನ ದೋಣಿಯ ಜೊತೆ ನಿಲ್ಲದವನಿಗೆ ವರ್ಷಪೂರ್ತಿ ಸಮುದ್ರವಿಲ್ಲ.

ಆದರೆ ಮನೋಯೊಳ ಎದೆ ಒಡೆದದ್ದು ಅದಕ್ಕಲ್ಲ. ಅಮ್ಮ ಮೀನು ತಿನ್ನುವುದನ್ನೇ ಬಿಟ್ಟುಬಿಟ್ಟಳು. ಬರೀ ಕೆಸು, ಬರೀ ಗೆಣಸು.

"ತಿನ್ನಮ್ಮಾ… ಇದು ಹೆಂಗಸರ ಮೀನೇ."

"ಆ ಬಟ್ಟೆ ಮೇಲೆ ಇದ್ದದ್ದು ನನ್ನ ಬಾಯೇ ಕಣೇ. ನಾನೂ ನೋಡಿದೆನಲ್ಲ." ಅಮ್ಮ ಮೀನನ್ನು ಪಕ್ಕಕ್ಕೆ ಸರಿಸಿದಳು. "ನೆನಪಿಲ್ಲ… ಆದ್ರೆ ತಿಂದಿದ್ದೆನೋ ಏನೋ."

"ಅಮ್ಮಾ!"

ಮನೋಯೊ ಎದ್ದು ನಿಂತಳು. ಅಳಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಪರಾಂಬರಿಸುವವರು ಊರಲ್ಲಿ ಯಾರೂ ಇಲ್ಲದಿದ್ದರೆ ತಾನಿದ್ದೇನಲ್ಲ!

ಎರಡೂ ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಬೇರೆ ಗಂಟು ಕಟ್ಟಿದಳು. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ. ತನ್ನ ಹಳೆಯ ಕೋಟು ತಂದು ಅವಳ ಭುಜದ ಮೇಲೆ ಹಾಕಿದ.

"ಗಾಳಿ ತಣ್ಣಗಿದೆ," ಎಂದ. ಅಷ್ಟೇ.

ಚಳಿಗಾಲದ ಸಮುದ್ರ ಹುಚ್ಚೆದ್ದಿತ್ತು. ಹಡಗು ಬಿಡಲಿಲ್ಲ. ಅವಳು ಬಂದರಿನಲ್ಲಿ ಗಂಟುಗಳ ಪಕ್ಕ ಮೂರು ದಿನ ಕೂತಳು. ನಾಲ್ಕನೆಯ ದಿನ ಸಿಮೆಂಟು ತಂದು ಮರಳುತ್ತಿದ್ದ ಸರಕಿನ ಹಡಗಿನವನು, "ಹತ್ತಮ್ಮ ತಾಯಿ, ನಿನ್ನ ಮುಖ ನೋಡೋಕಾಗ್ತಿಲ್ಲ," ಎಂದ.

*

ತೈಪೆಯ ಆ ಆಫೀಸು ನಾಲ್ಕನೆಯ ಮಹಡಿಯಲ್ಲಿತ್ತು. ಫಾನ್ ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ಅವಳನ್ನು ಗುರುತು ಹಿಡಿದು ನಿಜವಾಗಿಯೂ ಸಂತೋಷಪಟ್ಟರು. ಅವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಅವಳ ಮಾತು ಪೂರ್ತಿ ಕೇಳಿದರು. ಕೇಳಿ ನಕ್ಕುಬಿಟ್ಟರು.

"ನಾಲ್ಕು ಸೆಕೆಂಡು ಕಣಮ್ಮಾ! ಯಾವುದೋ ತಟ್ಟೆ, ಯಾವುದೋ ಮೀನು. ನೋಡೋರಿಗೆ ಯಾರಿಗೆ ಗೊತ್ತಾಗುತ್ತೆ?"

"ನಮಗೆ."

ಬಾಗಿಲಲ್ಲಿ ಸದ್ದಾಯಿತು. ಕೈಯಲ್ಲಿ ಊಟದ ಡಬ್ಬಿಗಳನ್ನು ಹಿಡಿದು ಶಿಲಿಯಾಂಗ್ ನಿಂತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಆ ಅರಳಿದ ಮುಖ ನೋಡಿ ಅವಳಿಗೆ ಇನ್ನೂ ಉರಿಯಿತು. ಗಂಟುಗಳನ್ನು ಬಿಚ್ಚಿ ಎರಡು ತಟ್ಟೆಗಳನ್ನು ಅವನೆದುರು ಮೇಜಿನ ಮೇಲೆ ಇಟ್ಟಳು.

"ಯಾವುದು ಯಾರದ್ದು ಹೇಳು."

ಅವನು ನೋಡಿದ. ತಂತಿಯನ್ನು ನೋಡಿದ. ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಅಯ್ಯೋ… ಮನೋಯೊ…"

"ಯಾಕೆ ಮಾಡಿದೆ?"

"ನಿಮ್ಮಮ್ಮನ ಊಟ ಬಾಗಿಲ ಹತ್ರದಿಂದ ಒಂದೇ ಸಮ ತೆಗೆದಿದ್ವಿ. ತಟ್ಟೆ ಹತ್ತಿರದಿಂದ ಕಾಣ್ತಾ ಇರಲಿಲ್ಲ. ಅಪ್ಪ ಇನ್ನೊಂದು ದಿನ ಜಗಲಿ ಮೇಲೆ ಊಟ ಮಾಡ್ತಿದ್ದಾಗ ತೆಗೆದ ತಟ್ಟೆ ಇತ್ತು. ಅದರ ಮೇಲೆ ಬೆಳಕು… ತುಂಬ ಚೆನ್ನಾಗಿತ್ತು. ತಂದು ನಡುವೆ ಜೋಡಿಸ್ದೆ."

"ನಾನು ಹೇಳಿಕೊಟ್ಟಿದ್ದೆ. ಇದೇ ಎರಡು ತಟ್ಟೆ ಇಟ್ಕೊಂಡು!"

"ಹೇಳಿದ್ದೆ…"

"ನಿನ್ನ ಕೆಲಸವೇ ಕಿವಿ ಅಂದಿದ್ದೆ ನೀನು!" ಅವಳು ತಂತಿ ತಟ್ಟೆಯನ್ನು ಅವನತ್ತ ತಳ್ಳಿದಳು. "ನಾನು ಹೇಳ್ತಿದ್ದಾಗ ಏನು ಮಾಡ್ತಿದ್ದೆ?"

ಅವನು ತಲೆ ತಗ್ಗಿಸಿದ. ನಿಜ ಹೇಳಿದ.

"ನಿನ್ನ ದನಿ ಕೇಳ್ತಿದ್ದೆ. ಮಾತು ಕೇಳಿಸ್ಕೊಳ್ಳಲಿಲ್ಲ."

ಫಾನ್ ಮೇಷ್ಟ್ರು ಕೆಮ್ಮಿದರು. "ಆಯ್ತಮ್ಮ, ಈಗ ನಿನಗೇನು ಬೇಕು? ಕ್ಷಮಾಪಣೆ ಕಾಗದ ಬರ್ಕೊಡ್ಲಾ?"

"ಕಾಗದ ಬೇಡ. ಅಮ್ಮನ ಊಟ ಇದೆಯಲ್ಲ, ಒಂದೇ ಸಮ ತೆಗೆದದ್ದು? ಅದನ್ನ ನಮ್ಮೂರಲ್ಲಿ ತೋರಿಸಬೇಕು. ಪೂರ್ತಿ."

"ಹನ್ನೊಂದು ನಿಮಿಷ ಇದೆ ಅದು! ಹನ್ನೊಂದು ನಿಮಿಷ ಒಬ್ಬ ಹೆಂಗಸು ಊಟ ಮಾಡೋದನ್ನ ಯಾರಮ್ಮ ನೋಡ್ತಾರೆ?"

"ನಮ್ಮೂರು ನೋಡುತ್ತೆ."

ಕತ್ತರಿಸದ ಟೇಪು ಹೊರಗೆ ಕೊಡುವ ಪದ್ಧತಿಯಿಲ್ಲ ಎಂದರು ಮೇಷ್ಟ್ರು. ಅವಳು ಬಾಗಿಲ ಬಳಿ ಕುರ್ಚಿ ಎಳೆದುಕೊಂಡು, ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಧ್ಯಾಹ್ನವಾಯಿತು. ಸಂಜೆಯಾಯಿತು. ಮರುದಿನ ಬಾಗಿಲು ತೆರೆಯುವ ಮೊದಲೇ ಬಂದು ಮತ್ತೆ ಕೂತಳು. ಬಂದವರೆಲ್ಲ ಯಾರಿವಳು ಎಂದು ಕೇಳಿದರೆ, ತಟ್ಟೆಗಳ ಕಥೆಯನ್ನು ಮೊದಲಿಂದ ಹೇಳಿದಳು. ಮೂರನೆಯ ದಿನ ಚಹಾ ತರುವವಳಿಗೂ ಯಾವುದು ಹೆಂಗಸರ ತಟ್ಟೆ ಎಂದು ಗೊತ್ತಾಗಿತ್ತು.

"ಮೇಷ್ಟ್ರೇ," ಎಂದ ಶಿಲಿಯಾಂಗ್ ಅವತ್ತು. ಅವನೂ ಮೂರು ದಿನದಿಂದ ಊಟ ಸರಿಯಾಗಿ ಮಾಡಿರಲಿಲ್ಲ. "ಪ್ರತಿ ನಾನು ಮಾಡ್ತೀನಿ, ನಾನೇ ತಗೊಂಡು ಹೋಗಿ ತೋರಿಸ್ತೀನಿ. ತಪ್ಪು ನನ್ನ ಕೈಯದು. ಬೇಡ ಅಂದ್ರೆ ಕೆಲಸ ಬಿಟ್ಟು ಹೋಗ್ತೀನಿ."

"ನಾಟಕ ಆಡಬೇಡ," ಎಂದರು ಮೇಷ್ಟ್ರು. ಅವಳತ್ತ ನೋಡಿ ಉಸಿರುಬಿಟ್ಟರು. "ತಗೊಂಡು ಹೋಗು. ಇವಳು ಹೀಗೇ ಕೂತಿದ್ರೆ ನನಗೆ ಚಹಾ ಇಳಿಯಲ್ಲ."

*

ಕತ್ತಲೆಯ ಸಣ್ಣ ಕೋಣೆಯಲ್ಲಿ ಇಬ್ಬರೂ ಆ ಟೇಪು ನೋಡಲು ಕೂತರು. ಅಮ್ಮ ಉಣ್ಣುತ್ತಿದ್ದಳು. ಎದುರಿಗೆ ಅಗಲವಾದ ತಟ್ಟೆ, ಹೆಂಗಸರ ಮೀನು. ಹಿಂದೆ ಗೋಡೆಯ ಮೇಲೆ ತಂತಿ ತಟ್ಟೆ ಒಣಗಿಕೊಂಡು ತೂಗುತ್ತಿತ್ತು. ಮನೋಯೊ ಮೊದಲ ಸಲ ಉಸಿರು ಬಿಟ್ಟಳು.

ಒಂಬತ್ತನೆಯ ನಿಮಿಷಕ್ಕೆ ಅಮ್ಮ ಬಾಯೊರೆಸಿಕೊಂಡು ಏನೋ ಕೇಳಿದಳು. ಚಿತ್ರದಲ್ಲಿ ಕಾಣದ ಮನೋಯೊಳ ದನಿ ಉತ್ತರ ಕೊಟ್ಟಿತು. ಎಲ್ಲವೂ ದ್ವೀಪದ ಭಾಷೆಯಲ್ಲಿ.

ಅವಳ ಕೆನ್ನೆ ಕೆಂಡವಾಯಿತು. *ಅಯ್ಯೋ ದೇವರೇ… ಇದನ್ನ ಅವತ್ತು ಆಡಿದ್ದೆನಾ? ಇವನ ಎದುರಿಗೇ? ಮೇಕೆಬಾಲದ ಕೆಳಗೇ?*

"ಏನಂದೆ ಅಲ್ಲಿ?" ಎಂದ ಶಿಲಿಯಾಂಗ್. "ನಾನು ನೂರು ಸಲ ಕೇಳಿದೀನಿ ಈ ತುಂಡನ್ನ. ಅರ್ಥ ಮಾತ್ರ ಗೊತ್ತಿಲ್ಲ. ನಿನ್ನ ದನಿ ಇಲ್ಲಿ ಬೇರೆ ಥರ ಇದೆ."

"ಉಪ್ಪು ಕಮ್ಮಿ ಅಂದೆ."

ಅವನು ಅವಳ ಮುಖವನ್ನೇ ನೋಡಿದ. ಈ ಸಲ ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದ.

"ಮನೋಯೊ, ನಿನಗೆ ಬೇಡ ಅನ್ಸಿದ್ರೆ ಎಂಟನೇ ನಿಮಿಷಕ್ಕೆ ನಿಲ್ಲಿಸಿಬಿಡ್ತೀನಿ. ಅಷ್ಟರಲ್ಲಿ ಮೀನು ಮುಗಿದೇ ಇರುತ್ತೆ."

ಹೌದಲ್ಲ! ಎಷ್ಟು ಸುಲಭ! ಅವಳು ಹೂಂ ಎನ್ನಲು ಬಾಯಿ ತೆರೆದಳು.

ಆಮೇಲೆ ಅಮ್ಮನ ಮಾತು ನೆನಪಾಯಿತು. 'ತಿಂದಿದ್ದೆನೋ ಏನೋ…' ಅರ್ಧಕ್ಕೆ ನಿಲ್ಲಿಸಿದರೆ ಊರು ಮೊದಲು ಕೇಳುವುದು ಏನು? ಉಳಿದದ್ದರಲ್ಲಿ ಏನಿತ್ತು ಎಂದು. ಒಂದು ಸಲ ಕತ್ತರಿಸಿದವರು ಮತ್ತೆ ಕತ್ತರಿಸಿದರು ಎಂದು.

ಮುಷ್ಟಿ ಬಿಗಿದುಕೊಂಡಳು.

"ಬೇಡ. ಒಂದು ತುಣುಕೂ ತೆಗೀಬೇಡ. ಅಮ್ಮ ಕೂರೋದರಿಂದ ಏಳೋವರೆಗೆ."

"ನಿನಗೇನೂ ತೊಂದರೆ…"

"ನನ್ನ ತೊಂದರೆ ನಾನು ನೋಡ್ಕೋತೀನಿ."

*

ಮೀನು ಕರೆಯುವ ದಿನಕ್ಕೆ ಇನ್ನು ಎರಡು ದಿನವಿತ್ತು. ಶಾಲೆಯ ಅಂಗಳದಲ್ಲಿ ಮತ್ತೆ ಬಿಳಿ ಬಟ್ಟೆ ಕಟ್ಟಿದರು, ಊರಿನವರೆಲ್ಲ ಬಂದರು. ಕೊಂಕಾಡಲೆಂದೇ ಕೆಲವರು ಬಂದರು, ಬಂದರೆ ಸಾಕಿತ್ತು. ಅಮ್ಮನನ್ನು ಮಾತ್ರ ಮನೋಯೊ ಕೈ ಹಿಡಿದು ಎಳೆದುತರಬೇಕಾಯಿತು.

ಶಿಲಿಯಾಂಗ್ ಬಟ್ಟೆಯ ಮುಂದೆ ನಿಂತು ತಲೆ ಬಗ್ಗಿಸಿದ. "ಆ ತಟ್ಟೆಯನ್ನ ತಂದು ಜೋಡಿಸಿದ್ದು ನಾನು. ಇದು ಜೋಡಿಸದೇ ಇರೋದು." ಮನೋಯೊ ಅದನ್ನು ತಿರುಗಿಸಿ ಹೇಳಿದಳು. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.

ಊಟ ಶುರುವಾಯಿತು.

ಎರಡನೆಯ ನಿಮಿಷಕ್ಕೆ ಮುದುಕರು ಮುಂದೆ ಸರಿದು ಕೂತರು. ಮೂರಕ್ಕೆ ಮಾತು ಶುರುವಾಯಿತು.

"ಅದು ಹೆಂಗಸರ ಮೀನೇ ಕಣ್ರೋ. ಬಾಲ ನೋಡಿ."

"ಮುಳ್ಳು ಎಷ್ಟು ಚೊಕ್ಕವಾಗಿ ಬಿಡಿಸ್ತಾಳಪ್ಪ! ನಮ್ಮನೆಯವಳು ಕಲೀಬೇಕು."

"ನಿನ್ನಂಥವನಿಗೆ ಮುಳ್ಳೇ ಸಾಕು, ಬಾಯ್ಮುಚ್ಚು!"

"ಏ… ಹಿಂದೆ ಗೋಡೆ ನೋಡ್ರೋ! ತಂತಿ ತಟ್ಟೆ!" ಸ್ಯಾಪೆನ್ ಲಾವಿತ್ ಎದ್ದೇ ನಿಂತಿದ್ದ. "ಒಣಗಿಕೊಂಡು ನೇತಾಡ್ತಿದೆ! ನೀರು ಕೂಡ ಸೋಕಿಲ್ಲ ಅದಕ್ಕೆ!"

ಆಮೇಲೆ ಯಾರೂ ಬಟ್ಟೆಯಿಂದ ಯಂತ್ರಕ್ಕೆ, ಯಂತ್ರದಿಂದ ಬಟ್ಟೆಗೆ ಅನುಮಾನ ಹೊತ್ತು ನೋಡಲಿಲ್ಲ. ಸುಮ್ಮನೆ ಒಬ್ಬಳು ತಾಯಿ ಉಣ್ಣುವುದನ್ನು ನೋಡಿದರು. ಮನೋಯೊಳ ಪಕ್ಕದಲ್ಲಿ ಅಮ್ಮ ಬಿಕ್ಕತೊಡಗಿದ್ದಳು. "ತಿಂದಿಲ್ಲ ಕಣೇ… ನಾನು ತಿಂದಿಲ್ಲ…"

"ಇಲ್ಲಮ್ಮಾ. ತಿಂದಿಲ್ಲ."

ಒಂಬತ್ತನೆಯ ನಿಮಿಷ.

ಬಟ್ಟೆಯ ಮೇಲಿನ ಅಮ್ಮ ಬಾಯೊರೆಸಿಕೊಂಡು ಕೇಳಿದಳು. "ಈ ಮೇಕೆಬಾಲ ಹೋದ್ಮೇಲೆ ನಿನಗೆ ಬೇಜಾರಾಗುತ್ತೇನೇ?"

"ಎದುರಿಗೇ ಇದ್ದಾನಮ್ಮಾ, ಕೇಳಿಸುತ್ತೆ."

"ಕೇಳಿಸಿದ್ರೇನು, ತಿಳಿಯಲ್ವಲ್ಲ. ಹೇಳು."

ಅಂಗಳವೆಲ್ಲ ಕಿವಿಯಾಯಿತು. ಮನೋಯೊ ಕಣ್ಣು ಮುಚ್ಚಿಕೊಂಡಳು. ಅವಳದೇ ದನಿ ಇಡೀ ಊರಿನ ಮೇಲೆ ಹರಡಿತು.

"ಹೋಗೋನನ್ನ ಯಾವಾಗ ಬರ್ತೀಯಾ ಅಂತ ಕೇಳಬಾರದಲ್ಲಮ್ಮಾ… ಅದಕ್ಕೇ ಕೇಳಲ್ಲ. ಕೇಳೋ ಹಾಗಿದ್ದಿದ್ರೆ ದಿನಾ ಕೇಳ್ತಿದ್ದೆ. ಬರೋವರೆಗೂ ಕೇಳ್ತಿದ್ದೆ."

ಹೋ ಎಂಬ ನಗುವಿಗೆ ಬಟ್ಟೆಯೇ ಅಲುಗಿತು! ಹುಡುಗಿಯರು ಚಪ್ಪಾಳೆ ತಟ್ಟಿದರು. "ದಿನಾ ಕೇಳ್ತಿದ್ಲಂತೆ!" ಎಂದು ಯಾರೋ ಹಾಡು ಕಟ್ಟಿದರು.

ಯಂತ್ರದ ಪಕ್ಕ ನಿಂತಿದ್ದ ಶಿಲಿಯಾಂಗ್ ಕಕ್ಕಾಬಿಕ್ಕಿಯಾದ. "ಏನು? ಉಪ್ಪು ಕಮ್ಮಿ ಅಂದಿದ್ದಕ್ಕೆ ಇಷ್ಟು ನಗುನಾ?"

ಮನೋಯೊಳ ಚಿಕ್ಕಮ್ಮ ಅವನ ತೋಳು ಹಿಡಿದೆಳೆದು, ತನ್ನ ಹರುಕು ಚೀನೀ ಮಾತಿನಲ್ಲಿ ಪದ ಪದವಾಗಿ ಬಿಡಿಸಿ ಹೇಳಿದಳು. ಅವನು ಕೇಳಿದ. ಇನ್ನೊಂದು ಸಲ ಹೇಳಿಸಿಕೊಂಡ. ಬಂದರಿನಲ್ಲಿ ಕಂಡ ಆ ಬೆನ್ನು ಅವನ ಕಣ್ಣ ಮುಂದೆ ನಿಂತಿತು… ಈಗ ಅದು ಬೇರೆಯೇ ಬೆನ್ನು.

ಯಂತ್ರ ತಿರುಗುತ್ತಲೇ ಇತ್ತು. ಅಮ್ಮ ಕೈ ತೊಳೆದು ಎದ್ದಳು. ಹನ್ನೊಂದು ನಿಮಿಷ ಮುಗಿಯಿತು.

ಸ್ಯಾಪೆನ್ ಲಾವಿತ್ ಕೋಲೂರಿಕೊಂಡು ಅಪ್ಪನ ಮುಂದೆ ಬಂದು ನಿಂತ. ಆಕಾಶ ನೋಡಿದ.

"ನಾಡಿದ್ದು ಗಾಳಿ ಚೆನ್ನಾಗಿರಬಹುದು. ನಾನೇನೂ ಹೇಳ್ತಿಲ್ಲಪ್ಪ."

"ನಾನೇನೂ ಕೇಳಿಸ್ಕೊಂಡಿಲ್ಲಣ್ಣಾ," ಎಂದ ಅಪ್ಪ. ಕಣ್ಣು ಒದ್ದೆಯಾಗಿತ್ತು.

*

ಅಪ್ಪ ದೋಣಿಯ ಜೊತೆ ನಿಂತ. ಮೀನು ಬಂದವು. ಅಮ್ಮ ಮತ್ತೆ ಮೀನು ತಿನ್ನತೊಡಗಿದಳು.

ಐದನೆಯ ದಿನ ಶಿಲಿಯಾಂಗ್ ಬಂಡೆಗಳ ಕಡೆಯಿಂದ ಬಂದ. ಮೊಣಕಾಲು ತರಚಿತ್ತು, ಮೈಯೆಲ್ಲ ಉಪ್ಪು. ಎರಡೂ ಅಂಗೈಗಳ ನಡುವೆ ಒಂದು ಮೀನು.

"ಹೆಂಗಸರ ಮೀನು. ನಾಲ್ಕು ಜನರನ್ನ ಕೇಳ್ಕೊಂಡೇ ಬಂದೆ. ನಿಮ್ಮಪ್ಪನ್ನ ಎರಡು ಸಲ ಕೇಳ್ದೆ."

ಮನೋಯೊ ತಿರುಗಿಸಿ ತಿರುಗಿಸಿ ನೋಡಿದಳು. "ಹೆಂಗಸರ ಮೀನು ಹೌದು. ಮೀನು ಹೌದೋ ಅಲ್ವೋ ಅನ್ನೋದೇ ಅನುಮಾನ. ಇಷ್ಟು ಸಣ್ಣದನ್ನ ಬೆಕ್ಕೂ ಮೂಸಲ್ಲ."

"ಗಾಳಿಗೆ ಗಾಳ ಹಾಕೋನು ನಾನು. ಇದೇ ದೊಡ್ಡದು."

ಅವಳು ನಕ್ಕಳು. ನಗುತ್ತಲೇ ಕಣ್ಣೀರು ಬಂತು.

"ಯೋಚನೆ ಮಾಡಿದೀಯಾ? ಇಲ್ಲಿ ಉಳಿದ್ರೆ ಒಂದು ದಿನ ನಿನ್ನ ಹೆಸರೇ ಹೋಗುತ್ತೆ. ಯಾವುದೋ ಪುಟ್ಟ ಮಗುವಿನ ಅಪ್ಪ ಅಂತಾಗಿಬಿಡ್ತೀಯ."

"ಯಾವುದೋ ಮಗು ಯಾಕೆ? ನಿನ್ನ ಮಗು," ಎಂದ ಅವನು. "ಮೇಕೆಬಾಲ ಅನ್ನೋದಕ್ಕಿಂತ ಅದು ಎಷ್ಟೋ ವಾಸಿ ಅಲ್ವಾ?"

ತನ್ನ ಸಾಮಾನು ತರಲು ಅವನು ಒಮ್ಮೆ ತೈಪೆಗೆ ಹೋಗಲೇಬೇಕಿತ್ತು. ಬಂದರಿನಲ್ಲಿ ಅದೇ ಜಾಗ, ಅದೇ ಅಲೆ. ಈ ಸಲ ಅವಳು ಬೆನ್ನು ತಿರುಗಿಸಲಿಲ್ಲ. ಅಪ್ಪನ ಹಳೆಯ ಕೋಟನ್ನು ಅವನ ಭುಜದ ಮೇಲೆ ಹಾಕಿ ಗುಂಡಿ ಸರಿಮಾಡಿದಳು.

"ಗಾಳಿ ತಣ್ಣಗಿದೆ."

ಅವನಿಗೆ ಅರ್ಥವಾಯಿತು.

"ನಾನೇನೂ ಹೇಳ್ತಿಲ್ಲ," ಎಂದ ಮೆಲ್ಲಗೆ.

"ನಾನೂ ಏನೂ ಕೇಳ್ತಿಲ್ಲ," ಎಂದಳು ಅವಳು.

ಹನ್ನೆರಡನೆಯ ದಿನ ಅವನು ಬಂದ. ಈಗ ಅವರಿಬ್ಬರಿಗೂ ಆ ಹೆಸರುಗಳಿಲ್ಲ. ಹಳೆಯ ಹೆಸರಿನಲ್ಲಿ ಬರೆದದ್ದಕ್ಕೆ ಅವರ ಮಗಳು ನನ್ನನ್ನು ಕ್ಷಮಿಸಲಿ.

ಒಂದು ವಿಷಯ ಮಾತ್ರ ನನಗೆ ಗೊತ್ತಿಲ್ಲ. ಸಿನಿಮಾದಿಂದಲೂ ಆ ನಾಲ್ಕು ಸೆಕೆಂಡು ತೆಗೆಯಬೇಕೆಂದು ಶಿಲಿಯಾಂಗ್ ಮೂರು ಸಲ ಬರೆದ. ನೋಡೋಣ ಎಂದು ಫಾನ್ ಮೇಷ್ಟ್ರು ಒಂದು ಸಲ ಉತ್ತರಿಸಿದರು. ತೆಗೆದರೋ ಇಲ್ಲವೋ, ನಾವು ನೋಡದ ಊರುಗಳಲ್ಲಿ ಮನೋಯೊಳ ಅಮ್ಮ ಇನ್ನೂ ಆ ತಂತಿ ತಟ್ಟೆಯಿಂದ ಉಣ್ಣುತ್ತಿದ್ದಾಳೋ ಏನೋ. ವಿಚಾರಿಸಿದೆ. ತಿಳಿಯಲಿಲ್ಲ.